ದೇವರ ಹೆಸರಿಗೆ ಮೊದಲು ಊರು, ಆಮೇಲೆ ಅರ್ಥ: ಪದಕೋಶ ಬರೆಯುವವರಿಗೆ ಹಂತ ಹಂತದ ಮಾರ್ಗದರ್ಶಿ

ತುಮಕೂರಿನ ಸಣ್ಣ ಪ್ರೆಸ್ಸೊಂದರಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಜಾತ್ರೆಯ ಸಂಚಿಕೆ, ಕುಂಭಾಭಿಷೇಕದ ಆಹ್ವಾನ ಪತ್ರಿಕೆ, ನಿವೃತ್ತ ಮೇಷ್ಟ್ರುಗಳ ಪುಸ್ತಕ, ಎಲ್ಲವೂ ನನ್ನ ಮೇಜು ಹಾದೇ ಮುಂದೆ ಹೋಗಬೇಕು. ಈಚೆಗೆ ಇನ್ನೊಂದು ಬಗೆಯ ಹಸ್ತಪ್ರತಿ ಜಾಸ್ತಿ ಬರುತ್ತಿದೆ. ನಮ್ಮ ದೇವರುಗಳು, ಬ್ಯಾಬಿಲೋನಿನ (ಈಗಿನ ಇರಾಕಿನ ಹಳೆಯ ನಾಡು) ದೇವರುಗಳು, ಚಕ್ರ, ಆಸ್ಟ್ರಲ್ ದೇಹ, ಅನುನ್ನಾಕಿ, ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿದ ಪದಕೋಶ. ಬರೆದವರ ಶ್ರಮ ದೊಡ್ಡದು. ಆದರೆ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಹೊರಗಿನ ಹೆಸರು ಕಿವಿಗೆ ಬಿದ್ದ ಕೂಡಲೇ ಅದನ್ನು ಹೋಲುವ ನಮ್ಮ ಹೆಸರನ್ನು ಪಕ್ಕದಲ್ಲಿ ಬರೆದುಬಿಡುತ್ತಾರೆ. ಊರು ಗೊತ್ತಿಲ್ಲ, ಕಾಲ ಗೊತ್ತಿಲ್ಲ, ನೆಂಟಸ್ತನ ಮಾತ್ರ ಗೊತ್ತು!

ನಾನೂ ಬಿದ್ದವನೇ. ಕೆಲವು ವರ್ಷಗಳ ಹಿಂದೆ ಒಂದು ಸಂಚಿಕೆಯಲ್ಲಿ ‘ಇಷ್ಟಾರ್: ಬ್ಯಾಬಿಲೋನಿನವರ ಇಷ್ಟದೇವತೆ. ಇಷ್ಟಲಿಂಗದ ಇಷ್ಟವೇ ಇದು’ ಎಂಬ ಸಾಲನ್ನು ನಾನೇ ಪಾಸ್ ಮಾಡಿದೆ. ಕಾಗುಣಿತ ಸರಿಯಿತ್ತಲ್ಲ, ಸುಮ್ನೆ ಬಿಟ್ಟೆ. ಆ ಕಥೆಯ ಕೊನೆ ಕೊನೆಯ ಹಂತದಲ್ಲಿದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಆರನೆಯದನ್ನು ಎರಡನೆಯದಕ್ಕಿಂತ ಮೊದಲು ಮಾಡುವುದರಿಂದಲೇ ಮುಕ್ಕಾಲು ಪಾಲು ತಪ್ಪುಗಳು ಹುಟ್ಟುವುದು.

## ಕೂರುವ ಮೊದಲು ಕೈಗೆ ಬೇಕಾದವು

ಒಂದು ಉದ್ದನೆಯ ಲೆಕ್ಕದ ಪುಸ್ತಕ ತನ್ನಿ. ಎಡಪುಟದಲ್ಲಿ ಬರೆಯಿರಿ, ಬಲಪುಟ ಖಾಲಿ ಬಿಡಿ. ಒಂದು ಪೆನ್ನು, ಒಂದು ಪೆನ್ಸಿಲ್. ಪೆನ್ಸಿಲ್ ಬೇಕೇ ಬೇಕು, ಯಾಕೆಂದು ಆರನೇ ಹಂತದಲ್ಲಿ ಗೊತ್ತಾಗುತ್ತದೆ.

ಕನ್ನಡ ಪದಗಳಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, ಇಲ್ಲವೇ 1894ರ ಕಿಟ್ಟೆಲ್ ಸಾಕು. ಬ್ಯಾಬಿಲೋನಿನ ಪದಗಳಿಗೆ ಚಿಕಾಗೋ ಅಸಿರಿಯನ್ ಡಿಕ್ಷನರಿ ಇದೆ. 1921ರಲ್ಲಿ ಶುರುವಾದ ಕೆಲಸ, ಕೊನೆಯ ಸಂಪುಟ ಬಂದದ್ದು 2011ರಲ್ಲಿ. ಚಿಕಾಗೋ ವಿಶ್ವವಿದ್ಯಾಲಯದ ತಾಣದಲ್ಲಿ ಎಲ್ಲ ಸಂಪುಟಗಳೂ ಬಿಟ್ಟಿ ಸಿಗುತ್ತವೆ. ಇಂಗ್ಲಿಷ್ ಓದಲು ಬಂದರೆ ಸಾಕು, ಬೆಣೆಲಿಪಿ, ಅಂದರೆ ಅಲ್ಲಿನವರು ಮಣ್ಣಿನ ಹಲಗೆಯ ಮೇಲೆ ಒತ್ತಿ ಬರೆಯುತ್ತಿದ್ದ ಲಿಪಿ, ಬರಬೇಕಾಗಿಲ್ಲ.

ನಮ್ಮ ಕಡೆಯ ದೇವಸ್ಥಾನಗಳಿಗೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳು. ಕೋಲಾರ ಜಿಲ್ಲೆಯದು 10ನೇ ಸಂಪುಟ, ತುಮಕೂರಿನದು 12ನೆಯದು. ಚಿಕ್ಕಬಳ್ಳಾಪುರದವರು ತಮ್ಮ ಜಿಲ್ಲೆಯ ಸಂಪುಟ ಹುಡುಕಿ ಸುಸ್ತಾಗಬೇಡಿ. ಆ ಜಿಲ್ಲೆ ಆದದ್ದೇ 2007ರಲ್ಲಿ. ನಿಮ್ಮ ಶಾಸನಗಳೂ ಕೋಲಾರದ ಸಂಪುಟದೊಳಗೇ ಇವೆ.

## ಹಂತ 1: ಕಂಡದ್ದನ್ನು ಕಂಡ ಹಾಗೇ ಬರೆದುಕೊಳ್ಳಿ

ಪದ ಎಲ್ಲಿ ಸಿಕ್ಕಿತು? ಪುಸ್ತಕದಲ್ಲೋ, ವಾಟ್ಸಾಪ್‌ನಲ್ಲೋ, ಯಾರೋ ಹೇಳಿದ್ದೋ? ಅಲ್ಲಿ ಯಾವ ಅಕ್ಷರಗಳಲ್ಲಿ ಇತ್ತೋ ಅದೇ ಅಕ್ಷರಗಳಲ್ಲಿ ಬರೆಯಿರಿ. ಇಂಗ್ಲಿಷಿನಲ್ಲಿ ಇದ್ದರೆ ಇಂಗ್ಲಿಷಿನಲ್ಲೇ. ಈಗಲೇ ತಿದ್ದಬೇಡಿ, ಅನುವಾದವನ್ನಂತೂ ಮಾಡಲೇಬೇಡಿ.

ಇದು ಯಾಕೆ ಮುಖ್ಯ ಅಂದರೆ, ಒಬ್ಬರು ಇಂಗ್ಲಿಷ್ ಪಟ್ಟಿಯನ್ನು ಫೋನಿಗೆ ಕೊಟ್ಟು ಕನ್ನಡಕ್ಕೆ ತಿರುಗಿಸಿ ತಂದಿದ್ದರು. ಅದರಲ್ಲಿ ‘ಪಾಪ: ಊರ್ ಪಟ್ಟಣದ ಮುಖ್ಯ ದೇವರು’ ಎಂದಿತ್ತು. ಪಾಪವನ್ನು ಪೂಜಿಸುವ ಊರು ಯಾವುದಪ್ಪಾ ಎಂದು ನಾನು ಅರ್ಧ ದಿನ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಬ್ಯಾಬಿಲೋನಿನ ಚಂದ್ರದೇವರ ಹೆಸರು ಸಿನ್. ಫೋನು ಅದನ್ನು ಪಾಪ ಎಂಬ ಅರ್ಥದ ಇಂಗ್ಲಿಷ್ ಪದ ಅಂದುಕೊಂಡಿತ್ತು. ಮೂಲದ ಅಕ್ಷರ ಪಕ್ಕದಲ್ಲಿ ಇದ್ದಿದ್ದರೆ ಒಂದು ನಿಮಿಷದ ಕೆಲಸ.

## ಹಂತ 2: ಊರು, ಭಾಷೆ, ಕಾಲ

ಅರ್ಥ ಬರೆಯುವ ಮೊದಲು ಈ ಮೂರನ್ನು ತುಂಬಿ. ಮೂರರಲ್ಲಿ ಒಂದಾದರೂ ಸಿಗದ ಪದವನ್ನು ಮುಂದಿನ ಹಂತಕ್ಕೆ ಒಯ್ಯಬೇಡಿ, ಬಲಪುಟದಲ್ಲಿ ಕೂಡಿಸಿಡಿ.

ಬ್ಯಾಬಿಲೋನಿನ ಕಡೆ ಇದು ಸುಲಭ. ಅಲ್ಲಿ ದೊಡ್ಡ ದೇವರಿಗೆಲ್ಲ ಒಂದು ಸ್ವಂತ ಊರಿದೆ, ನಮ್ಮಲ್ಲಿ ಕೋಲಾರಕ್ಕೆ ಕೋಲಾರಮ್ಮ ಇರುವ ಹಾಗೆ. ಮರ್ದುಕ್‌ಗೆ ಬ್ಯಾಬಿಲೋನ್, ಅವನ ಮಗ ನಬೂಗೆ ಬೋರ್ಸಿಪ್ಪಾ, ಎನ್ಲಿಲ್‌ಗೆ ನಿಪ್ಪೂರ್, ಏಯಾಗೆ ಎರಿದು, ಇಶ್ತಾರ್‌ಗೆ ಉರುಕ್, ನೆರ್ಗಲ್‌ಗೆ ಕೂತಾ. ಸಿನ್‌ಗೆ ಊರ್ ಎಂಬ ಹೆಸರಿನ ಊರೇ ಇದೆ. ಕನ್ನಡದ ‘ಊರು’ ಅಲ್ಲಿಂದ ಬಂತು ಎಂದು ಬರೆಯುವ ಆಸೆ ನಿಮಗೂ ಆಗುತ್ತದೆ. ತಡೆದುಕೊಳ್ಳಿ.

ಬಹಳ ದೇವರುಗಳಿಗೆ ಎರಡು ಭಾಷೆಯ ಎರಡು ಹೆಸರಿರುತ್ತದೆ. ಹಳೆಯದು ಸುಮೇರಿಯನ್, ಇನ್ನೊಂದು ಅಕ್ಕಾಡಿಯನ್. ಇನನ್ನಾ ಮತ್ತು ಇಶ್ತಾರ್, ಉತು ಮತ್ತು ಶಮಶ್, ಎಂಕಿ ಮತ್ತು ಏಯಾ, ನನ್ನಾ ಮತ್ತು ಸಿನ್. ಇವನ್ನು ಎರಡು ಬೇರೆ ದೇವರು ಎಂದು ಎರಡು ಕಡೆ ಬರೆದ ಪದಕೋಶಗಳನ್ನು ನೋಡಿದ್ದೇನೆ. ಒಂದೇ ನಮೂದಿನಲ್ಲಿ ಎರಡೂ ಹೆಸರು ಹಾಕಿ. ಹಾಗೆಯೇ ‘ನನ್ನಾ’ಗೆ ಕೊನೆಯಲ್ಲಿ ದೀರ್ಘ ಇರಲಿ. ಇಲ್ಲದಿದ್ದರೆ ‘ನನ್ನ ದೇವರು’ ಅಂತ ಓದುತ್ತಾರೆ, ತಪ್ಪೇನಿಲ್ಲ ಅವರದು.

ನಮ್ಮ ಕಡೆ ಊರಿಗಿಂತ ಪದರ ಮುಖ್ಯ. ವೇದದ್ದೋ, ಪುರಾಣದ್ದೋ, ಆಗಮ-ತಂತ್ರದ್ದೋ, ಗ್ರಾಮದೇವತೆಯದೋ? ಒಂದೇ ಪದ ಪದರ ಬದಲಾದಂತೆ ಬೇರೆಯಾಗುತ್ತದೆ. ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಗೆ ಹೋದರೆ ಆ ದೊಡ್ಡ ಗಣಪನ ಮುಂದೆ ‘ಗಣಾನಾಂ ತ್ವಾ ಗಣಪತಿಂ’ ಕೇಳಿಸುತ್ತದೆ. ಋಗ್ವೇದದ ಎರಡನೇ ಮಂಡಲದಲ್ಲಿ ಅದು ಬ್ರಹ್ಮಣಸ್ಪತಿಗೆ ಹೇಳಿದ ಮಂತ್ರ. ಆನೆಮುಖದ ಗಣೇಶನಿಗೆ ಸಂದದ್ದು ಆಮೇಲೆ. ಎರಡೂ ನಿಜ, ಎರಡನ್ನೂ ಬರೆಯಿರಿ, ಆದರೆ ಎರಡು ಸಾಲಲ್ಲಿ. ಅಸುರ ಪದವೂ ಹಾಗೇ. ಋಗ್ವೇದದಲ್ಲಿ ವರುಣನನ್ನೇ ಅಸುರ ಎಂದು ಹೊಗಳಿದೆ. ಪುರಾಣಕ್ಕೆ ಬರುವಷ್ಟರಲ್ಲಿ ಅಸುರ ಅಂದರೆ ದೇವರ ಶತ್ರು.

ತುಮಕೂರಿನವರು ಇನ್ನೊಂದು ಕಡೆ ಎಡವುತ್ತಾರೆ. ಷಟ್‌ಸ್ಥಲ ಮತ್ತು ಷಟ್ಚಕ್ರ. ಎರಡರಲ್ಲೂ ಆರಿದೆ ಎಂದು ಒಂದೇ ನಮೂದಿಗೆ ತುರುಕುತ್ತಾರೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬುದು ಶರಣರ ದಾರಿಯ ಮೆಟ್ಟಿಲುಗಳು. ಮೂಲಾಧಾರದಿಂದ ಆಜ್ಞೆಯವರೆಗಿನದು ತಂತ್ರ-ಯೋಗದ ಲೆಕ್ಕ. ಎರಡನ್ನೂ ಜೋಡಿಸಿ ಹೇಳುವವರು ಇದ್ದಾರೆ ನಿಜ. ಆದರೂ ನಮೂದು ಎರಡೇ ಇರಬೇಕು.

## ಹಂತ 3: ಇದು ಹೆಸರೋ, ಬಿರುದೋ, ಗುಂಪೋ?

ಇಲ್ಲಿ ನಮ್ಮ ಜಿಲ್ಲೆಗಳದ್ದೇ ಒಂದು ಒಳ್ಳೆಯ ಪಾಠ ಇದೆ. ‘ನಂದಗಿರಿನಾಥ’ ಎಂಬ ಪದ ಸಿಕ್ಕಿತು ಅಂತಿಟ್ಟುಕೊಳ್ಳಿ. ನಂದಿಬೆಟ್ಟದ ಶಿವ ಇರಬೇಕು, ಅಲ್ವಾ? ‘ಕುವಲಾಲಪುರವರೇಶ್ವರ’ ಸಿಕ್ಕಿತು. ಕೋಲಾರದ ಇನ್ನೊಬ್ಬ ಈಶ್ವರ ಎಂದು ಕೈ ತಾನಾಗಿ ಬರೆಯುತ್ತದೆ. ಎರಡೂ ಗಂಗ ರಾಜರ ಬಿರುದುಗಳು. ನಂದಿಬೆಟ್ಟದ ಒಡೆಯ, ಕೋಲಾರದ ದೊರೆ ಎಂದಷ್ಟೇ ಅರ್ಥ. ನಾಥ, ಈಶ್ವರ ಕಂಡ ಕೂಡಲೇ ಕೈ ಮುಗಿಯುವ ನಮ್ಮ ಅಭ್ಯಾಸ ಪದಕೋಶಕ್ಕೆ ಆಗಿಬರುವುದಿಲ್ಲ.

ಬ್ಯಾಬಿಲೋನಿನಲ್ಲೂ ಇದೇ ಪಜೀತಿ. ಬೇಲ್ ಅಂದರೆ ಒಡೆಯ. ಆಮೇಲಾಮೇಲೆ ಮರ್ದುಕ್‌ನನ್ನೇ ಬೇಲ್ ಎಂದು ಕರೆದರು, ನಾವು ‘ಸ್ವಾಮಿ’ ಅಂದ ಹಾಗೆ. ಅದು ಗೊತ್ತಿಲ್ಲದೆ ಒಬ್ಬರು ಬೇಲ್ ಪತ್ರೆಗೂ ಬೇಲ್ ದೇವರಿಗೂ ನೆಂಟಸ್ತನ ಕಟ್ಟಿದ್ದರು. ಅನುನ್ನಾಕಿ, ಇಗಿಗಿ ಎರಡೂ ದೇವತೆಗಳ ಗುಂಪಿನ ಹೆಸರು, ಒಬ್ಬರ ಹೆಸರಲ್ಲ. ಇಶ್ತಾರ್ ಎಂಬ ಹೆಸರು ಕಾಲಕ್ರಮೇಣ ‘ದೇವಿ’ ಎಂಬ ಸಾಮಾನ್ಯ ಪದವಾಗಿಯೂ ಬಳಕೆಯಾಯಿತು. ಹಾಗಾಗಿ ಒಂದು ವಾಕ್ಯದಲ್ಲಿ ಇಶ್ತಾರ್ ಸಿಕ್ಕರೆ ಅದು ಉರುಕ್‌ನ ಅಮ್ಮನೋ, ಯಾವುದೋ ಅಮ್ಮನೋ ಎಂದು ನೋಡಲೇಬೇಕು.

ಒಂದು ಸುಳಿವು ಇದೆ. ಬೆಣೆಲಿಪಿಯಲ್ಲಿ ದೇವರ ಹೆಸರಿನ ಮುಂದೆ ನಕ್ಷತ್ರದಂಥ ಒಂದು ಗುರುತು ಹಾಕುತ್ತಿದ್ದರು. ಅದನ್ನು ದಿಂಗಿರ್ ಎನ್ನುತ್ತಾರೆ. ಓದುವಾಗ ಉಚ್ಚರಿಸುವುದಿಲ್ಲ, ಬರೀ ‘ಮುಂದಿರುವುದು ದೇವರ ಹೆಸರು’ ಎಂಬ ಸೂಚನೆ. ಇಂಗ್ಲಿಷ್ ಪುಸ್ತಕಗಳಲ್ಲಿ ಅದು ಮೇಲೆ ಕೂತ ಚಿಕ್ಕ ‘ಡಿ’ ಅಕ್ಷರವಾಗಿ ಕಾಣುತ್ತದೆ. ಅದನ್ನು ಹೆಸರಿಗೆ ಸೇರಿಸಿ ‘ದ್ಮರ್ದುಕ್’ ಎಂದು ಬರೆಯಬೇಡಿ.

## ಹಂತ 4: ಕನ್ನಡ ಅಕ್ಷರಕ್ಕೆ ತರುವುದು

ನನ್ನ ‘ಇಷ್ಟಾರ್’ ತಪ್ಪು ಹುಟ್ಟಿದ್ದು ಇಲ್ಲೇ. ಇಂಗ್ಲಿಷಿನ ಟಿ, ಡಿ ಕಂಡರೆ ನಮ್ಮ ಕೈ ಟ, ಡ ಬರೆಯುತ್ತದೆ. ಟ ಬಂದ ಮೇಲೆ ಅದರ ಹಿಂದೆ ಷ ಬರಲೇಬೇಕು. ಇಷ್ಟಾರ್ ಆಯಿತು. ಇಷ್ಟ ಕಾಣಿಸಿತು. ಇಷ್ಟದೇವತೆಯಾಯಿತು. ಒಂದು ಅಕ್ಷರ ಎಳೆದುಕೊಂಡು ಹೋದ ದೂರ ನೋಡಿ.

ಅಕ್ಕಾಡಿಯನ್ ಭಾಷೆಯಲ್ಲಿ ನಮ್ಮ ಟ, ಡ, ಷ ಇಲ್ಲವೇ ಇಲ್ಲ. ಆದ್ದರಿಂದ ತ, ದ, ಶ ಬರೆಯಿರಿ. ಇಶ್ತಾರ್, ಮರ್ದುಕ್, ತಿಯಾಮತ್, ಶಮಶ್. ‘ಇಶ್ತಾರ್’ ಎಂದು ಬರೆದು ನೋಡಿ, ಇಷ್ಟ ತಾನಾಗಿ ಕಳಚಿ ಬೀಳುತ್ತದೆ.

ಇದರಲ್ಲೇ ಒಂದು ಗುಂಡಿ ಇದೆ. ಸಂಸ್ಕೃತ ಓದಿದವರು ಹೆಚ್ಚು ಬೀಳುವ ಗುಂಡಿ. ರೋಮನ್ ಅಕ್ಷರದಲ್ಲಿ ‘ಟಿ’ ಕೆಳಗೆ ಚುಕ್ಕಿ ಇದ್ದರೆ ಸಂಸ್ಕೃತದ ಪುಸ್ತಕದಲ್ಲಿ ಅದು ಟ. ಅಕ್ಕಾಡಿಯನ್ ಪುಸ್ತಕದಲ್ಲಿ ಅದೇ ಗುರುತು ಒತ್ತಿ ಹೇಳುವ ಬೇರೊಂದು ತಕಾರ. ಬೆಣೆಲಿಪಿ ಬರೆಯುವ ಮಣ್ಣಿನ ಹಲಗೆಗೆ ಅವರ ಪದ ‘ತುಪ್ಪು’, ಚುಕ್ಕಿಯ ತ. ಅದನ್ನು ‘ಟುಪ್ಪು’ ಎನ್ನುವುದಕ್ಕಿಂತ ತುಪ್ಪು ಎನ್ನುವುದೇ ಮೂಲಕ್ಕೆ ಹತ್ತಿರ. ತುಪ್ಪಕ್ಕೂ ಅದಕ್ಕೂ ಸಂಬಂಧ ಇಲ್ಲ ಎಂದು ಬೇಕಾದರೆ ಪಕ್ಕದಲ್ಲಿ ಬರೆದುಕೊಳ್ಳಿ.

ನಮ್ಮ ಪದಗಳು ಇಂಗ್ಲಿಷಿಗೆ ಹೋಗಿ ವಾಪಸ್ ಬಂದಾಗ ಬಾಲ ಬೆಳೆದಿರುತ್ತದೆ: ಯೋಗಾ, ಚಕ್ರಾ, ಪ್ರಾಣಾ. ಬಾಲ ಕತ್ತರಿಸಿ. ಆದರೆ ಕತ್ತರಿಸುವ ಮೊದಲು ಬಲಪುಟದಲ್ಲಿ ಒಂದು ಗುರುತು ಹಾಕಿ. ಪದ ಹೊರಗೆ ಹೋಗಿ ಬಂದಿದೆ ಎಂಬುದಕ್ಕೆ ಆ ಬಾಲವೇ ಸಾಕ್ಷಿ, ಮುಂದಿನ ಹಂತದಲ್ಲಿ ಬೇಕಾಗುತ್ತದೆ.

## ಹಂತ 5: ಗೂಢವಿದ್ಯೆಯ ಪದಕ್ಕೆ ಇಸವಿ ಹಾಕಿ

ಆಸ್ಟ್ರಲ್ (ಸೂಕ್ಷ್ಮ ಲೋಕದ್ದು), ಆಕಾಶಿಕ್ ರೆಕಾರ್ಡ್, ಔರಾ (ದೇಹದ ಸುತ್ತಲಿನ ಪ್ರಭೆ), ಇಂಥವುಗಳಿಗೆ ಊರು ಹುಡುಕುವುದಕ್ಕಿಂತ ಇಸವಿ ಹುಡುಕುವುದು ಸುಲಭ. ಗೂಢವಿದ್ಯೆಯ ಸಂಘವಾದ ಥಿಯಾಸಾಫಿಕಲ್ ಸೊಸೈಟಿ 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿತು. 1882ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂತು. ಸಂಸ್ಕೃತದ ಹತ್ತಾರು ಪದಗಳನ್ನು ಅದರ ಸ್ಥಾಪಕರಲ್ಲೊಬ್ಬರಾದ ಬ್ಲಾವಟ್‌ಸ್ಕಿ ಮತ್ತು ಅವರ ನಂತರದವರು ಎತ್ತಿಕೊಂಡು ಹೊಸ ಅರ್ಥ ತುಂಬಿದರು. ಆಕಾಶ ನಮ್ಮ ಪದ, ಪಂಚಭೂತಗಳಲ್ಲಿ ಒಂದು. ಲೋಕದ ಎಲ್ಲ ಘಟನೆಗಳೂ ದಾಖಲಾಗಿರುವ ‘ಆಕಾಶಿಕ್ ರೆಕಾರ್ಡ್’ ಅವರ ಕಡೆಯಿಂದ ಬಂದದ್ದು. ಪದ ಸಂಸ್ಕೃತ ಎಂದ ಮಾತ್ರಕ್ಕೆ ವಿಚಾರವೂ ವೇದದ್ದು ಎನ್ನಲಾಗದು.

ಚಕ್ರದ ಬಣ್ಣಗಳನ್ನು ಹತ್ತಿರದಿಂದ ನೋಡಿ. ಪದಕೋಶ ತರುವವರೆಲ್ಲ ಕಾಮನಬಿಲ್ಲಿನ ಏಳು ಬಣ್ಣ ಹಚ್ಚಿ ತರುತ್ತಾರೆ. ಮೂಲಾಧಾರ ಕೆಂಪು, ಮಣಿಪೂರ ಹಳದಿ, ಅನಾಹತ ಹಸಿರು. ಈಗ 1577ರಲ್ಲಿ ಪೂರ್ಣಾನಂದರು ಬರೆದ ಷಟ್ಚಕ್ರನಿರೂಪಣ ತೆರೆಯಿರಿ. ಮಣಿಪೂರದ ದಳಗಳು ಮಳೆಮೋಡದ ಬಣ್ಣ. ಅನಾಹತದ ದಳಗಳು ಬಂಧೂಕ ಹೂವಿನ ಕೆಂಪು. ಆಜ್ಞೆ ಬೆಳದಿಂಗಳ ಬಿಳುಪು. ಹಸಿರು ಎಲ್ಲಿ? ಇದೇ ಗ್ರಂಥವನ್ನು ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶ ಜಾನ್ ವುಡ್ರಫ್ ‘ಆರ್ಥರ್ ಅವಲಾನ್’ ಎಂಬ ಹೆಸರಲ್ಲಿ ಇಂಗ್ಲಿಷಿಗೆ ತಂದ ಮೇಲೆ, 20ನೇ ಶತಮಾನದಲ್ಲಿ ಪಶ್ಚಿಮದವರು ಚಕ್ರಗಳನ್ನು ಕಾಮನಬಿಲ್ಲಿಗೆ ಹೊಂದಿಸಿಕೊಂಡರು. ಆ ಪಟ್ಟಿ ಯೋಗಾ ಕ್ಲಾಸಿನ ಮೂಲಕ ನಮಗೇ ವಾಪಸ್ ಬಂತು. ಎರಡನ್ನೂ ಬರೆಯಿರಿ, ಎರಡಕ್ಕೂ ಕಾಲ ಹಾಕಿ. ದಳಗಳ ಲೆಕ್ಕ ಮಾತ್ರ ಹಳೆಯದೇ: 4, 6, 10, 12, 16, 2. ಕೂಡಿದರೆ 50, ಸಂಸ್ಕೃತ ಅಕ್ಷರಮಾಲೆಯ ಅಕ್ಷರಗಳು.

‘ಬಾಬಲಾನ್’ ಎಂಬ ಪದ ಕಂಡರೆ ಅಚ್ಚಿನ ತಪ್ಪೆಂದು ತಿದ್ದಬೇಡಿ. ಇಂಗ್ಲಿಷ್ ಗೂಢವಾದಿ ಅಲೀಸ್ಟರ್ ಕ್ರೌಲಿಯ ಪಂಥದಲ್ಲಿ ಅದು ಒಬ್ಬ ದೇವಿ. ಬೈಬಲಿನ ಪ್ರಕಟನೆ ಪುಸ್ತಕದ ‘ಬ್ಯಾಬಿಲೋನಿನ ಸ್ತ್ರೀ’ಯಿಂದ ಹುಟ್ಟಿದವಳು. ಬ್ಯಾಬಿಲೋನಿನ ಯಾವ ಗುಡಿಯಲ್ಲೂ ಆಕೆಗೆ ಪೂಜೆ ನಡೆದಿಲ್ಲ.

ನಿಬಿರು ಇನ್ನೊಂದು. ಅಕ್ಕಾಡಿಯನ್‌ನಲ್ಲಿ ಆ ಪದಕ್ಕೆ ಹೊಳೆ ದಾಟುವ ಜಾಗ, ಕಡವು ಎಂದು ಅರ್ಥ. ಆಕಾಶದಲ್ಲಿ ಅದು ಮರ್ದುಕ್‌ನ ತಾರೆ, ಹೆಚ್ಚಾಗಿ ಗುರುಗ್ರಹ. ಅನುನ್ನಾಕಿಗಳು ಇಳಿದು ಬಂದ ಗುಪ್ತ ಗ್ರಹವಾದದ್ದು 1976ರಲ್ಲಿ, ಜೆಕರಾಯ ಸಿಚಿನ್ ಬರೆದ ಮೇಲೆ. 2012ರಲ್ಲಿ ಅದು ಭೂಮಿಗೆ ಗುದ್ದುತ್ತದೆ ಎಂದು ಸುದ್ದಿ ಹಬ್ಬಿತ್ತು, ನೆನಪಿದೆಯಾ?

## ಹಂತ 6: ಹೋಲಿಕೆ, ಅದೂ ಪೆನ್ಸಿಲ್‌ನಲ್ಲಿ

ಇಲ್ಲಿಯವರೆಗೆ ತಾಳ್ಮೆಯಿಂದ ಬಂದಿದ್ದರೆ ಈಗ ಬಲಪುಟಕ್ಕೆ ಹೋಗಿ, ಪೆನ್ಸಿಲ್ ತೆಗೆದುಕೊಳ್ಳಿ. ಯಾವ ಹೋಲಿಕೆ ಬರೆದರೂ ಅದರ ಪಕ್ಕದಲ್ಲಿ ಮೂರರಲ್ಲಿ ಒಂದು ಗುರುತು ಇರಬೇಕು.

‘ಒ’ ಅಂದರೆ ಒಪ್ಪಿದ್ದು. ಆ ಜನರೇ ಇವರಿಬ್ಬರೂ ಒಂದೇ ಎಂದು ಬರೆದಿಟ್ಟಿದ್ದಾರೆ. ಇನನ್ನಾ ಮತ್ತು ಇಶ್ತಾರ್ ಹಾಗೆ. ಅವರೇ ಮಾಡಿದ ದೇವರ ಪಟ್ಟಿಗಳು ಮಣ್ಣಿನ ಹಲಗೆಗಳಲ್ಲಿ ಸಿಕ್ಕಿವೆ. ಇದನ್ನು ಪೆನ್ನಿನಲ್ಲೇ ಬರೆಯಬಹುದು.

‘ದ’ ಅಂದರೆ ದಾರಿ ಇದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಂದ ದಾರಿಯಲ್ಲಿ ನಡುವಿನ ನಿಲ್ದಾಣಗಳು ಕಾಣುತ್ತವೆ.

‘ಕ’ ಅಂದರೆ ಬರೀ ಕಣ್ಣಿಗೆ ಅಥವಾ ಕಿವಿಗೆ ಹೋಲುತ್ತದೆ.

ಕೋಲಾರದ ಒಂದು ಉದಾಹರಣೆ ನೋಡಿದರೆ ದ ಮತ್ತು ಕ ನಡುವಿನ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳೆ. ಅವಳಿಗೆ ಕೈಮುಗಿದರೆ ಚೇಳಿನ ಕಾಟ ಇಲ್ಲ ಎಂದು ನಂಬಿಕೆ. ಕಾಣಿಕೆ ಹಾಕಲು ನೆಲದಲ್ಲೇ ಕೊರೆದ ಹಳೆಯ ಹುಂಡಿ ಇದೆ. ಬ್ಯಾಬಿಲೋನಿನಲ್ಲಿ ಇಶ್ಹಾರಾ ಎಂಬ ದೇವಿ. ಅಲ್ಲಿನ ಕುದುರ್ರು ಎಂಬ ಕಲ್ಲುಗಳ ಮೇಲೆ, ಅಂದರೆ ಜಮೀನು ದಾನದ ಶಾಸನ ಕೊರೆದ ಕಲ್ಲುಗಳ ಮೇಲೆ, ಅವಳ ಗುರುತಾಗಿ ಚೇಳನ್ನು ಕೆತ್ತಿದ್ದಾರೆ. ಒಬ್ಬ ಹುಡುಗ ತಂದ ಹಸ್ತಪ್ರತಿಯಲ್ಲಿ ‘ಚೇಳಮ್ಮ ಬ್ಯಾಬಿಲೋನಿನಿಂದ ಕೋಲಾರಕ್ಕೆ ಬಂದವಳು’ ಎಂದೇ ಇತ್ತು, ದಪ್ಪ ಅಕ್ಷರದಲ್ಲಿ.

ಅವನನ್ನು ಕೂರಿಸಿಕೊಂಡು ಎರಡನೇ ಹಂತದಿಂದ ಶುರು ಮಾಡಿದೆವು. ಇಶ್ಹಾರಾಳ ಹಳೆಯ ಊರು ಸಿರಿಯಾದ ಎಬ್ಲಾ. ಅವಳು ಆಣೆ ಪ್ರಮಾಣಗಳ ದೇವಿ, ಮಾತಿಗೆ ತಪ್ಪಿದವರನ್ನು ಹಿಡಿಯುತ್ತಾಳೆ. ಚೇಳಮ್ಮನ ಕೆಲಸ ಚೇಳಿನಿಂದ ಕಾಯುವುದು. ಕೆಲಸ ಬೇರೆ. ಹೆಸರು ಬೇರೆ: ಒಂದು ಅಚ್ಚ ಕನ್ನಡ, ಇನ್ನೊಂದಕ್ಕೂ ಕನ್ನಡಕ್ಕೂ ಹತ್ತಿರವಿಲ್ಲ. ನಡುವಿನ ನಿಲ್ದಾಣ? ಒಂದೂ ಇಲ್ಲ. ಎರಡರಲ್ಲೂ ಇರುವುದು ಚೇಳು ಮಾತ್ರ. ಕೋಲಾರದಲ್ಲಿ ಕಲ್ಲು ಎತ್ತಿದರೆ ಚೇಳು ಸಿಗುತ್ತದೆ, ಅದಕ್ಕೆ ಇರಾಕಿನವರೆಗೆ ಯಾಕೆ ಹೋಗಬೇಕು? ಗುರುತು: ಕ.

ಹುಡುಗನ ಮುಖ ಸಣ್ಣದಾಯಿತು. ಆಗ ಅವನದೇ ಮನೆಯ ಪಂಚಾಂಗ ತೆಗೆಸಿದೆ. ವೃಶ್ಚಿಕ ರಾಶಿ. ಆಕಾಶದ ದಾರಿಯನ್ನು 30 ಅಂಶಗಳ 12 ಸಮಭಾಗ ಮಾಡಿದ್ದು ಬ್ಯಾಬಿಲೋನಿನವರು, ಸುಮಾರು ಕ್ರಿ.ಪೂ. 5ನೇ ಶತಮಾನದಲ್ಲಿ. ಅವರ ಪಟ್ಟಿಯಲ್ಲೂ ಅದೇ ಜಾಗದಲ್ಲಿ ಚೇಳಿದೆ. ಅಲ್ಲಿಂದ ಗ್ರೀಕರಿಗೆ, ಗ್ರೀಕರಿಂದ ನಮಗೆ. ನಿಲ್ದಾಣ ಬೇಕಾ? 6ನೇ ಶತಮಾನದ ವರಾಹಮಿಹಿರ ಬೃಹಜ್ಜಾತಕದಲ್ಲಿ ರಾಶಿಗಳ ಇನ್ನೊಂದು ಹೆಸರುಗಳನ್ನು ಕೊಡುತ್ತಾನೆ. ವೃಶ್ಚಿಕಕ್ಕೆ ‘ಕೌರ್ಪಿ’. ಗ್ರೀಕಿನ ಸ್ಕೋರ್ಪಿಯೋಸ್‌ನ ಉಳಿಕೆ ಅದು. ಹೋರಾ, ಕೇಂದ್ರ ಎಂಬ ಜ್ಯೋತಿಷದ ಪದಗಳೂ ಗ್ರೀಕಿನವೇ. ಮಕರ ರಾಶಿಯ ಅರ್ಧ ಮೇಕೆ ಅರ್ಧ ಮೀನು ಮೊದಲಿಗೆ ಏಯಾ ದೇವರ ಪ್ರಾಣಿ. ಗುರುತು: ದ. ಗೋಡೆಗೆ ನೇತುಹಾಕಿದ ಚೇಳು ಬ್ಯಾಬಿಲೋನಿನಿಂದ ಬಂದಿತ್ತು, ಅವನು ಗುಡಿಯ ಚೇಳನ್ನು ಹಿಡಿದುಕೊಂಡಿದ್ದ!

ನವಗ್ರಹದಲ್ಲಿ ಇನ್ನೂ ಹುಷಾರಾಗಿರಿ. ಬ್ಯಾಬಿಲೋನಿನವರಿಗೆ ಬುಧ ನಬೂ, ಶುಕ್ರ ಇಶ್ತಾರ್, ಕುಜ ನೆರ್ಗಲ್, ಗುರು ಮರ್ದುಕ್. ಒಂದೇ ಗ್ರಹ ಎಂದ ಮಾತ್ರಕ್ಕೆ ಒಂದೇ ದೇವರಲ್ಲ. ನಮ್ಮ ಶುಕ್ರ ಗಂಡಸು, ಅಸುರರ ಗುರು. ಇಶ್ತಾರ್ ಹೆಂಗಸು, ಪ್ರೀತಿಗೂ ಯುದ್ಧಕ್ಕೂ ಒಡತಿ. ಪಾವಗಡದ ಶನಿದೇವರ ಗುಡಿಯ ಮುಂದೆ ಸಾಲಲ್ಲಿ ನಿಂತಾಗ ನನಗೆ ನೆನಪಾಗುವುದು ಇನ್ನೊಂದು. ಶನೈಶ್ಚರ ಅಂದರೆ ನಿಧಾನ ನಡೆಯುವವನು. ಬ್ಯಾಬಿಲೋನಿನವರು ಅದೇ ಗ್ರಹವನ್ನು ಕಯಮಾನು ಎಂದರು, ಅಲುಗದವನು. ಸೂರ್ಯನನ್ನು ಒಂದು ಸುತ್ತು ಹಾಕಲು ಅದಕ್ಕೆ 29 ವರ್ಷಕ್ಕೂ ಹೆಚ್ಚು ಬೇಕು. ಇಬ್ಬರೂ ಅದೇ ನಿಧಾನವನ್ನು ಕಂಡರು, ಹೆಸರಿಟ್ಟರು. ಕಡ ತಂದದ್ದು ಅನ್ನಲು ಆಧಾರ ಬೇಡವೇ? ಇದಕ್ಕೂ ಕ.

ಧ್ವನಿಯ ಹೋಲಿಕೆಗೆ ಒಂದು ಪರೀಕ್ಷೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಹಳಗನ್ನಡದ ಪ ಹೊಸಗನ್ನಡದಲ್ಲಿ ಹ ಆಗುವುದು ಒಂದು ಪದದಲ್ಲಲ್ಲ, ಸಾಲುಸಾಲಾಗಿ. ನಿಜವಾದ ನೆಂಟಸ್ತನಕ್ಕೆ ಇಂಥ ಸಾಲು ಇರುತ್ತದೆ. ಅಸುರ ಮತ್ತು ಇರಾನಿನ ಅಹುರ ನಡುವೆ ಇದೆ: ಸೋಮ-ಹವೋಮ, ಸಪ್ತ-ಹಪ್ತ, ಸಿಂಧು-ಹಿಂದು. ಅಸುರ ಮತ್ತು ಅಸಿರಿಯಾದ ಅಶ್ಶೂರ್ ದೇವರ ನಡುವೆ ಅಂಥ ಸಾಲು ತೋರಿಸಿ ನೋಡೋಣ. ಲಲಿತಾ ಮತ್ತು ಯಹೂದಿ ಕಥೆಗಳ ಪಿಶಾಚಿ ಲಿಲಿತ್ ನಡುವೆ? ಲಿಲಿತ್‌ನ ಮೂಲ ಲಿಲೀತು ಎಂಬ ಅಕ್ಕಾಡಿಯನ್ ಪೀಡೆ. ಲಲಿತಾ ಸಹಸ್ರನಾಮದ ಪಕ್ಕದಲ್ಲಿ ಅದನ್ನು ಬರೆದವರಿಗೆ ನಾನು ಕಾಫಿ ಕುಡಿಸಿ ಸಮಾಧಾನವಾಗಿ ಹೇಳಬೇಕಾಯಿತು.

ಹಾಗಂತ ನಮ್ಮ ದೇವರು ಬೆಣೆಲಿಪಿಯಲ್ಲಿ ಇಲ್ಲವೇ ಇಲ್ಲ ಎಂದುಕೊಳ್ಳಬೇಡಿ. ಟರ್ಕಿಯ ಬೋಗಜ್‌ಕೊಯ್‌ನಲ್ಲಿ ಸಿಕ್ಕ ಕ್ರಿ.ಪೂ. 14ನೇ ಶತಮಾನದ ಒಪ್ಪಂದದಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರುಗಳಿವೆ. ಆ ಕಡೆಯ ಎರಡು ಹಳೆಯ ರಾಜ್ಯಗಳಾದ ಹಿಟ್ಟೈಟ್ ದೊರೆಗೂ ಮಿತನ್ನಿ ದೊರೆಗೂ ಆದ ಒಪ್ಪಂದ, ಭಾಷೆ ಅಕ್ಕಾಡಿಯನ್, ದೇವರುಗಳು ಸಾಕ್ಷಿ. ಊರು, ಕಾಲ, ಭಾಷೆ ಮೂರೂ ಸಿಕ್ಕಿದೆ. ಇದನ್ನು ಪೆನ್ನಿನಲ್ಲೇ ಬರೆಯಿರಿ.

## ಹಂತ 7: ಗುಡಿಗೆ ಹೋಗಿ ಕೇಳಿ

ನಮ್ಮ ಕಡೆಯ ದೇವರ ಪದಗಳನ್ನು ಮನೆಯಲ್ಲಿ ಕೂತು ಬರೆಯಬೇಡಿ. ಅರ್ಚಕರನ್ನು ಕೇಳಿ, ಹೂ ಮಾರುವವರನ್ನು ಕೇಳಿ, ಊರಿನ ಹಿರಿಯರೊಬ್ಬರನ್ನು ಕೇಳಿ. ಮೂವರನ್ನೂ ಬೇರೆ ಬೇರೆಯಾಗಿ. ಒಟ್ಟಿಗೆ ಕೇಳಿದರೆ ಅರ್ಚಕರು ಹೇಳಿದ್ದಕ್ಕೆ ಉಳಿದವರು ತಲೆಯಾಡಿಸುತ್ತಾರೆ.

‘ಈ ಅಮ್ಮನಿಗೆ ಏನಂತೀರಿ?’ ಎಂದು ಕೇಳಿ. ‘ಇದು ದುರ್ಗೆಯ ಅವತಾರ ಅಲ್ವಾ?’ ಎಂದು ಕೇಳಬೇಡಿ. ಹೌದು ಅಂದುಬಿಡುತ್ತಾರೆ. ಫೋಟೋಗೆ ಮೊದಲೇ ಅಪ್ಪಣೆ ಪಡೆಯಿರಿ.

ಆಮೇಲೆ ಶಾಸನ ಸಂಪುಟ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಕನ್ನಡ ಮಾತ್ರ ಹುಡುಕಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಸಂಪುಟದಲ್ಲಿ ಅವುಗಳ ಇಂಗ್ಲಿಷ್ ಅನುವಾದವೂ ಇದೆ.

## ಈ ಗುರುತು ಕಂಡರೆ ಪೆನ್ನು ಕೆಳಗಿಡಿ

‘ಪದವನ್ನು ಒಡೆದರೆ’ ಎಂದು ಶುರುವಾಗುವ ವಾಕ್ಯ. ಬ್ಯಾಬಿಲೋನಿನ ಹೆಸರನ್ನು ಸಂಸ್ಕೃತದಂತೆ ಒಡೆದರೆ ಏನು ಬೇಕಾದರೂ ಸಿಗುತ್ತದೆ. ಬ್ಯಾಬಿಲೋನ್ ಹೆಸರಿನ ಅಕ್ಕಾಡಿಯನ್ ರೂಪ ಬಾಬ್-ಇಲಿ, ‘ದೇವರ ಬಾಗಿಲು’ ಎಂದು ಅವರೇ ಅರ್ಥ ಹೇಳಿಕೊಂಡಿದ್ದರು. ಅದು ಬಿಟ್ಟು ಬಲಿಯ ಊರು ಎಂದು ಬರೆದದ್ದನ್ನು ಕಂಡಿದ್ದೇನೆ.

‘10,000 ವರ್ಷಗಳ ಹಿಂದೆ’ ಎಂಬ ದುಂಡು ಸಂಖ್ಯೆ, ಪಕ್ಕದಲ್ಲಿ ಊರಿಲ್ಲ. ‘ವಿದ್ವಾಂಸರು ಮುಚ್ಚಿಟ್ಟಿದ್ದಾರೆ’ ಎಂಬ ಮಾತು. ಇವೆರಡೂ ಒಂದೇ ಪುಟದಲ್ಲಿ ಇದ್ದರೆ ಆ ಪುಟ ಬಿಟ್ಟು ಮುಂದೆ ಹೋಗಿ.

ಮತ್ತೊಂದು ನಿಮ್ಮೊಳಗೇ ಇರುವುದು. ಹೋಲಿಕೆ ಸಿಕ್ಕಾಗ ತುಂಬ ಖುಷಿಯಾದರೆ ಆ ದಿನ ಬರೆಯಬೇಡಿ. ಮಾರನೇ ದಿನ ನೋಡಿ.

## ಹಂತ 8: ಅಚ್ಚಾದ ಮೇಲೆ ತಪ್ಪು ಸಿಕ್ಕಿದರೆ

ಸಿಕ್ಕೇ ಸಿಗುತ್ತದೆ. ಪ್ರತಿ ಹಂಚುವ ಮೊದಲು ಸಿಕ್ಕರೆ ಚೀಟಿ ಅಂಟಿಸಬಹುದು. ಹಂಚಿದ ಮೇಲಾದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿ. ಅದನ್ನು ಮೂಲೆಯಲ್ಲಿ ಹಾಕದೆ, ತಪ್ಪು ಇದ್ದ ಅಂಕಣದಲ್ಲೇ ಹಾಕಿ.

ಚೀಟಿಯ ಅಳತೆ ತಪ್ಪು ಸಾಲಿಗಿಂತ ಎರಡು ಮಿಲಿಮೀಟರ್ ಜಾಸ್ತಿ ಇರಲಿ. ಅದೇ ಫಾಂಟು, ಅದೇ ಕಾಗದ. ತಪ್ಪಾದ ಸಾಲನ್ನು ಚೀಟಿಯಲ್ಲಿ ಮತ್ತೆ ಬರೆಯಬೇಡಿ. ಸರಿಯಾದದ್ದನ್ನು ಮಾತ್ರ ಬರೆಯಿರಿ. ನಮ್ಮ ಚೀಟಿಯಲ್ಲಿ ಇದ್ದದ್ದು ಇಷ್ಟು: ‘ಇಶ್ತಾರ್: ಉರುಕ್ ಪಟ್ಟಣದ ದೇವಿ. ಭಾಷೆ ಅಕ್ಕಾಡಿಯನ್. ಸುಮೇರಿಯನ್ ಹೆಸರು ಇನನ್ನಾ. ಶುಕ್ರಗ್ರಹ ಅವಳದು. ಗುರುತು ಎಂಟು ಮೂಲೆಯ ನಕ್ಷತ್ರ.’

ಐನೂರು ಪ್ರತಿ. ನಾನು, ಪ್ರೆಸ್ಸಿನ ಇಬ್ಬರು ಹುಡುಗರು, ರಾತ್ರಿ ಹತ್ತೂವರೆಯವರೆಗೆ. ಮೈದಾ ಅಂಟು ಬಳಸಿದೆವು, ಅದು ಜಾಸ್ತಿಯಾಗಿ ಕೆಲವು ಪ್ರತಿಗಳಲ್ಲಿ 42 ಮತ್ತು 43ನೇ ಪುಟ ಒಂದಕ್ಕೊಂದು ಕಚ್ಚಿಕೊಂಡವು. ಬೆಳಿಗ್ಗೆ ಬಿಡಿಸಲು ಹೋದರೆ ಇಶ್ತಾರ್ ಜೊತೆಗೆ ಎದುರಿನ ಈಶಾನ್ಯ, ಈಶ್ವರ ಎಲ್ಲ ಕಿತ್ತು ಬಂದವು. ನೀವು ಗ್ಲೂ ಸ್ಟಿಕ್ ಬಳಸಿ. ಅಂಟಿಸಿದ ಮೇಲೆ ಅರ್ಧ ಗಂಟೆ ಪುಸ್ತಕ ಮುಚ್ಚಬೇಡಿ.